ವಿಶ್ವಕೋಶದಲ್ಲಿ ನಮ್ಮ ಮರಿಗೊಂದು ಪುಟ

ನಮ್ಮ ಅಕ್ಕ ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್. ನಾನು ಅದೇ ಊರಿನ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬಿಡುವಿದ್ದಾಗ ಕಂಡಕಂಡವರ ದನಿ ಅನುಕರಿಸುತ್ತೇನೆ. ಬಿಡುವಿಲ್ಲದಾಗಲೂ ಅದೇ ಕಸುಬು ಅಂತ ಮಾಲೀಕರ ದೂರು. ಆ ದೂರನ್ನು ಅವರ ದನಿಯಲ್ಲೇ ಗಿರಾಕಿಗಳಿಗೆ ಹೇಳಿ ತೋರಿಸಿದ್ದಕ್ಕೆ ಕೆಲವು ದಿನ ನನ್ನನ್ನು ಗೋಡೌನಿಗೆ ಹಾಕಿದ್ದರು. ಅಲ್ಲಿ ನಗುವವರು ಯಾರೂ ಇರಲಿಲ್ಲ, ಅದೇ ಶಿಕ್ಷೆ.

ಅಕ್ಕನ ಸ್ಕೂಲಿನ ಕಂಪ್ಯೂಟರ್‌ಗಳಿಗೆ ವಯಸ್ಸಾಗಿತ್ತು. ಆನ್ ಮಾಡಿ, ಹೋಗಿ ಟೀ ಕುಡಿದು ಬರಬಹುದಿತ್ತು. ಗುಜರಿಗೆ ಹಾಕೋಣ ಅಂತ ಎಲ್ಲರೂ ತೀರ್ಮಾನಿಸಿದಾಗ ಅಕ್ಕ ಎಲ್ಲಿಂದಲೋ ಒಂದು ಪುಟಾಣಿ ಆಪರೇಟಿಂಗ್ ಸಿಸ್ಟಂ ಹುಡುಕಿ ತಂದು ಹಾಕಿದಳು. ಅದಕ್ಕೆ ಕಾಸಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಮುದಿ ಕಂಪ್ಯೂಟರ್‌ಗಳು ಎದ್ದು ಓಡಾಡತೊಡಗಿದವು. ಅದರ ನಿಜವಾದ ಹೆಸರಿಗೆ ನಮ್ಮ ಮನೆಯವರ ನಾಲಿಗೆ ಹೊರಳುತ್ತಿರಲಿಲ್ಲ. ಗಾತ್ರ ನೋಡಿ ನಾನು 'ಮರಿ' ಅಂದೆ. ಕುರಿ ಕಾಯ್ದ ಮನೆತನ ನಮ್ಮದು, ಬೇರೆ ಹೆಸರು ಎಲ್ಲಿಂದ ಹೊಳೆಯಬೇಕು.

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶ ಐತಲ್ಲ, ಅದರಲ್ಲಿ ಮರಿಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆದಳು. ಅದು ಅವಳ ಮೊದಲ ಪುಟ. ಒಂದೊಂದು ವಾಕ್ಯವನ್ನೂ ಅವಳು ನನಗೆ ಓದಿ ಹೇಳಿ, ನಾನು ವಾರ್ತೆ ಓದುವವರ ದನಿಯಲ್ಲಿ ತಿರುಗಿಸಿ ಓದಿ, ಅವಳು ನನ್ನ ತಲೆಗೆ ಮೊಟಕಿ, ಹಾಗೆ ಬೆಳೆದ ಪುಟ. ಒಂದು ದಿನ ನೋಡಿದರೆ ಅದರ ನೆತ್ತಿಯ ಮೇಲೆ ಸೂಚನೆಯೊಂದು ಕೂತಿತ್ತು: ಈ ವಿಷಯಕ್ಕೆ ಪ್ರತ್ಯೇಕ ಪುಟ ಬೇಕಾಗುವಷ್ಟು ಮಹತ್ವವಿದೆಯೇ ಎಂಬ ಅನುಮಾನವಿದೆ, ಅಳಿಸುವ ಬಗ್ಗೆ ಚರ್ಚೆ ನಡೆಯುತ್ತಿದೆ, ಅಭಿಪ್ರಾಯ ತಿಳಿಸಿ.

ಅಕ್ಕ ಲ್ಯಾಪ್‌ಟಾಪ್ ಮುಚ್ಚಿದಳು. "ಇದು ಹೋದ್ರೆ ನಾನು ಇನ್ನೊಂದು ಸಾಲೂ ಬರೆಯಲ್ಲ ಕಣೋ," ಅಂದಳು. ಅದನ್ನೇ ಅವಳ ದನಿಯಲ್ಲಿ ತಿರುಗಿ ಹೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದೆ. ತನ್ನ ಕ್ಲಾಸಿನ ಮಕ್ಕಳಿಗೆ ಕನ್ನಡದಲ್ಲಿ ಓದೋಕೆ ಸಿಗಲಿ ಅಂತ ಇನ್ನೂ ಏನೇನೋ ಬರೆಯುವ ಆಸೆ ಇಟ್ಟುಕೊಂಡಿದ್ದಳು.

ಚರ್ಚೆ ಅಂದರೆ ನನಗೆ ಗೊತ್ತಿದ್ದುದು ನಮ್ಮ ಹಟ್ಟಿಯ ಕಟ್ಟೆ. ಅಲ್ಲಿ ನ್ಯಾಯ ಬಿದ್ದರೆ ಹಿರಿಯರು ಕೂರುತ್ತಾರೆ. ನಮ್ಮ ಕಡೆಯವರನ್ನು ನಾವು ಕರೆತರಬೇಕು. ಅವರು ಒಬ್ಬೊಬ್ಬರೇ ಎದ್ದು ಮಾತಾಡಬೇಕು. ಸರಿ, ಭಾನುವಾರ ಆದಿವಾಲದಿಂದ ಸೋದರಮಾವನನ್ನೂ ಐಮಂಗಲದಿಂದ ಚಿಕ್ಕಪ್ಪನನ್ನೂ ಕರೆಸಿದೆ. ಇಬ್ಬರ ಮನೆಯ ಹಳೇ ಕಂಪ್ಯೂಟರಿಗೂ ಅಕ್ಕನೇ ಮರಿಯನ್ನು ಹಾಕಿಕೊಟ್ಟಿದ್ದಳು.

"ಬರ್ರಿ ಮಾವ, ಕುಂತ್ಕಳ್ರಿ. ನಿಮ್ಮ ಹೆಸರಲ್ಲಿ ಖಾತೆ ತೆಗೆದಿದೀನಿ. ನೀವು ಹೇಳ್ರಿ, ನಾನು ಟೈಪ್ ಮಾಡ್ತೀನಿ."

ಮಾವ ಗಂಟಲು ಸರಿಮಾಡಿಕೊಂಡರು. "ಸತ್ತೋಗಿದ್ದ ಮಿಷಿನ್ನು. ಈಗ ಅದ್ರಾಗೇ ಪಹಣಿ ತೆಗೀತೀನಿ, ಟೊಮೇಟೊ ರೇಟು ನೋಡ್ತೀನಿ. ಅಳ್ಸೋದು ಗಿಳ್ಸೋದು ಬ್ಯಾಡ ಅಂತ ಬರಿಯಪ್ಪ."

ಚಿಕ್ಕಪ್ಪನದು ಇನ್ನೂ ಖಾರ. "ನಮ್ಮ ಹುಡುಗಿ ಪಿಯುಸಿ ಓದಿದ್ದೇ ಇದ್ರಾಗೆ. ಯಾರ ಹೊಲ ಮೇಯ್ದೈತೆ ಅಂತ ಇದನ್ನ ಓಡಿಸ್ತಾರೆ, ಕೇಳು."

ಕೇಳಿದೆ. ಪಕ್ಕದ ಮನೆಯವರೂ ಬಂದು ಒಂದೊಂದು ಮಾತು ಹೇಳಿ ಹೋದರು. ಎಲ್ಲವನ್ನೂ ಅವರವರ ಹೆಸರಿನ ಖಾತೆಯಿಂದಲೇ ಹಾಕಿದೆ, ಒಂದಕ್ಷರ ನಾನು ಸೇರಿಸಲಿಲ್ಲ.

ಮಾರನೇ ದಿನ, ಆ ಸೂಚನೆ ಹಾಕಿದ್ದ ಸಂಪಾದಕರ ಉತ್ತರ ಬಂದಿತ್ತು. ಅವರು ಯಾವ ಊರಿನವರೋ, ಗಂಡೋ ಹೆಣ್ಣೋ, ನಮಗೆ ಗೊತ್ತಿಲ್ಲ. "ಈ ಖಾತೆಗಳೆಲ್ಲ ಒಂದೇ ದಿನ, ಈ ಒಂದು ಪುಟಕ್ಕಾಗಿಯೇ ಹುಟ್ಟಿವೆ. ಒಬ್ಬರೇ ಹಲವು ದನಿಗಳಲ್ಲಿ ಮಾತಾಡುತ್ತಿರುವಂತೆ ಕಾಣುತ್ತದೆ."

ಮಾತು ಬಂದಾಗಿನಿಂದ ಊರವರ ದನಿ ಕದ್ದವನು ನಾನು. ಯಾರದ್ದನ್ನೂ ಕದಿಯದ ದಿನವೇ ಸಿಕ್ಕಿಬಿದ್ದೆ. ಅಕ್ಕ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೂಚನೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು, ಹಾಗಾಗಿ ಅವಮಾನ ಸಹಿಸಿಕೊಂಡೆ.

ನಡೆದದ್ದನ್ನು ನನ್ನ ಖಾತೆಯಿಂದಲೇ ವಿವರಿಸಿ ಬರೆದೆ. "ನಂಬುತ್ತೇನೆ," ಅಂತ ಉತ್ತರ ಬಂತು. "ಆದರೆ ಇಲ್ಲಿ ತಲೆ ಎಣಿಸುವುದಿಲ್ಲ. ಈ ಆಪರೇಟಿಂಗ್ ಸಿಸ್ಟಂ ಮಾಡಿದವರಲ್ಲದೆ ಬೇರೆ ಯಾರಾದರೂ ಅದರ ಬಗ್ಗೆ ವಿವರವಾಗಿ ಬರೆದಿದ್ದರೆ ತೋರಿಸಿ."

"ಕೆಲಸಕ್ಕೆ ಬರ್ತೈತಲ್ಲ ಅಕ್ಕ, ಅಷ್ಟು ಸಾಲ್ದಾ?" ಅಂದೆ.

"ಅವ್ವನ ಹುರುಳಿಕಾಳು ಸಾರೂ ಚೆನ್ನಾಗಿರ್ತೈತೆ. ಅದಕ್ಕೂ ಪುಟ ಬರೀತೀಯಾ?"

"ಬರೀತೀನಿ."

"ಲೇ, ಕಟ್ಟೇಲಿ ನಾವು ಮಾವನ್ನೇ ಸಾಕ್ಷಿಗೆ ನಿಲ್ಸಿದ್ರೆ ಯಜಮಾನ್ರು ಏನಂತಾರೆ?"

ನಾನು ಸೊಂಟದ ಮೇಲೆ ಕೈಯಿಟ್ಟು, ಹಟ್ಟಿ ಯಜಮಾನರ ಒಡೆದ ದನಿ ತೆಗೆದೆ. "ನೆಂಟ್ರನ್ನ ಕುಂಡ್ರಿಸ್ರಪ್ಪ. ಹೊರಗಿನೋರು ಯಾರದಾರೆ, ಅವ್ರನ್ನ ಕರೀರಿ." ಹೇಳಿ ಮುಗಿಸುವಷ್ಟರಲ್ಲಿ ಆ ಮಾತು ನನಗೇ ಹೇಳಿದಂತೆ ಕೇಳಿಸಿತು.

ಅಕ್ಕ ಪುಟದ ಅಡಿಯ ಆಧಾರಗಳನ್ನು ಮತ್ತೆ ನೋಡಿದಳು. ಎಲ್ಲವೂ ಮರಿಯನ್ನು ಮಾಡಿದವರ ಸ್ವಂತ ವೆಬ್‌ಸೈಟಿನವು. ಎಲ್ಲ ನೆಂಟರೇ.

"ದುರ್ಗದ ಲೈಬ್ರರಿಗೆ ಹೋಗಾಣ ನಡಿ," ಅಂದಳು.

ರಜೆಯ ದಿನ ಚಿತ್ರದುರ್ಗಕ್ಕೆ ಹೋದೆವು. ಹಳೇ ಪತ್ರಿಕೆಗಳ ಕಟ್ಟು ಬಿಚ್ಚುತ್ತ ನಾನು ಸೀನಿದ ಸೀನಿಗೆ ಇಡೀ ಓದುವ ಕೋಣೆ ತಿರುಗಿ ನೋಡಿತು. ಅದು ಮಾತ್ರ ಅಪ್ಪಟ ನನ್ನದೇ ದನಿ. ಊಟದ ಹೊತ್ತು ಮೀರಿದ ಮೇಲೆ, ಒಂದು ಕಂಪ್ಯೂಟರ್ ಅಂಕಣದಲ್ಲಿ ಮರಿ ಸಿಕ್ಕಿತು. ಅರ್ಧ ಪುಟ. ಹಳೇ ಯಂತ್ರಗಳಿಗೆ ಒಳ್ಳೆಯದು, ಆದರೆ ಪ್ರಿಂಟರ್ ಜೋಡಿಸಲು ಹೋದರೆ ಪ್ರಾಣ ತಿನ್ನುತ್ತದೆ ಅಂತ ಬರೆದಿದ್ದರು. ನನಗೆ ಕಸಿವಿಸಿಯಾಯಿತು. ಅಕ್ಕನಿಗೆ ಆ ಬೈಗುಳವೇ ಹೆಚ್ಚು ಇಷ್ಟವಾಯಿತು. "ನೆಂಟರು ಹಿಂಗೆ ಬರೀತಿರ್ಲಿಲ್ಲ ನೋಡು," ಅಂತ ಅದರ ಫೋಟೊ ತೆಗೆದುಕೊಂಡಳು.

ಇನ್ನೊಂದು ಸಿಗಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಇನ್ನು ಬರೆಯಲ್ಲ ಅನ್ನುವ ಮಾತು ಮತ್ತೆ ಬರುತ್ತದೇನೋ ಅಂತ ನಾನು ಕಾಯುತ್ತಿದ್ದೆ. ಐಮಂಗಲ ದಾಟುವಾಗ ಫೋನ್ ತೆಗೆದು ಚರ್ಚೆಯಲ್ಲಿ ಬರೆದಳು: "ಹೊರಗಿನವರು ಬರೆದದ್ದು ಒಂದು ಸಿಕ್ಕಿದೆ, ಅದು ಸಾಲದು. ಪುಟವನ್ನು ಅಳಿಸುವ ಬದಲು ಸದ್ಯಕ್ಕೆ ಕರಡಾಗಿ ಇಡೋಣ. ಹುಡುಕುತ್ತಿರುತ್ತೇನೆ."

ಹಾಗೇ ಆಯಿತು. ಪುಟ ಈಗ ಕರಡಿನಲ್ಲಿದೆ, ಅಂದರೆ ಓದುಗರಿಗೆ ಕಾಣದಂತೆ ಒಳಗಿದೆ, ತಿದ್ದುವವರಿಗೆ ಸಿಗುತ್ತದೆ. ಹೋದ ವಾರ ಅಕ್ಕ ತೆರೆದು ನೋಡಿದರೆ ಅದರಲ್ಲಿ ಹೊಸದೊಂದು ಆಧಾರ ಸೇರಿತ್ತು, ಯಾವುದೋ ಪುಸ್ತಕದ್ದು. ಸೇರಿಸಿದವರು ಅದೇ ಸಂಪಾದಕರು. "ನಮ್ಮೂರಿನ ಕಾಲೇಜು ಲೈಬ್ರರಿಯಲ್ಲಿ ಸಿಕ್ಕಿತು. ಇನ್ನೊಂದು ಸಿಕ್ಕರೆ ನಾನೇ ಹೊರಗೆ ತರುತ್ತೇನೆ," ಅಂತ ಟಿಪ್ಪಣಿ.

"ಇವರ ದನಿ ಮಾಡೋ," ಅಂದಳು ಅಕ್ಕ, ಖುಷಿಯಲ್ಲಿ.

ಬಾಯಿ ತೆರೆದೆ. ಕೇಳಿಯೇ ಇರದ ದನಿಯನ್ನು ಎಲ್ಲಿಂದ ತರಲಿ? ನಾನು ತಡವರಿಸುತ್ತಿರುವಾಗಲೇ ಅವಳು ಪ್ರಿಂಟರ್ ತೊಂದರೆಯ ಬಗ್ಗೆ ಹೊಸ ಪ್ಯಾರಾ ಶುರು ಮಾಡಿದ್ದಳು.