ನನ್ನ ಕಣ್ಣು ತಾಗಿದ ಅಕ್ಕ

ಅಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದಿ ನಾನೇನೋ ಬಹಳ ಒಳ್ಳೆಯ ತಂಗಿ ಎಂದು ಯಾರಾದರೂ ತಿಳಿದುಕೊಂಡಾರು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಬಣ್ಣದಲ್ಲಿ ಒಂದು ಕೈ ಮೇಲು, ಓದಿನಲ್ಲಿ ಹತ್ತು ಕೈ ಮೇಲು. ಅಪ್ಪ ಸಿಂದಗಿಯ ಕಚೇರಿಯಲ್ಲಿ ಕಾರಕೂನರಾಗಿದ್ದರು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಅಕ್ಕ, ಕೊನೆಗೆ ನಾನು. ಬಂದವರಿಗೆ ಮನೆಯವರ ಪರಿಚಯ ಮಾಡಿಕೊಡುವಾಗ ಯಾರನ್ನಾದರೂ ಬಿಟ್ಟರೆ ನನ್ನನ್ನೇ ಬಿಡುತ್ತಿದ್ದರು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆಗಿನ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ಅಕ್ಕ ತಾಲ್ಲೂಕಿನ ಹುಡುಗಿಯರಿಗೆಲ್ಲ ಮೊದಲಿಗಳಾಗಿ ಪಾಸಾದಳು. ಅಲ್ಲಿಂದ ಶುರುವಾಯಿತು ನೋಡಿ, ಮನೆಗೆ ಬಂದವರ ಮುಂದೆಲ್ಲ ಅವಳು ಕೈಕಟ್ಟಿ ನಿಂತು ಪದ್ಯ ಹೇಳಬೇಕು. ಕೇಳಿ ಕೇಳಿ ಆ ಪದ್ಯಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. ನನ್ನನ್ನು ಯಾರೂ ಕೇಳಲಿಲ್ಲ. ಒಂದು ಸಂಜೆ ಮಾಮಲೇದಾರರ ಹೆಂಡತಿ ಅರಿಶಿನ ಕುಂಕುಮಕ್ಕೆ ಬಂದರು. ಅಕ್ಕ ಪದ್ಯ ಹೇಳಿದಳು. ಅವರು ಅವಳ ಗಲ್ಲ ಹಿಡಿದು ಮುದ್ದು ಮಾಡಿ, ಚೀಲದಿಂದ ಹೊಸ ಕೆಂಪು ರಿಬ್ಬನ್ನು ತೆಗೆದುಕೊಟ್ಟರು. ಆಮೇಲೆ ಅದೇ ಚಾಪೆಯ ಮೇಲೆ ಕೂತಿದ್ದ ನನ್ನ ಕಡೆ ತಿರುಗಿ, "ಈ ಹುಡುಗಿ ಯಾರ ಮನೀದ್ರಿ?" ಎಂದರು.

ಬಾಯಿ ಬಿದ್ದು ಹೋಗಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಕ್ಕನ ಬಾಯಿ. ಮಾಮಲೇದಾರರ ಹೆಂಡತಿಯನ್ನು ಶಪಿಸುವಷ್ಟು ಧೈರ್ಯ ಹತ್ತು ವರ್ಷದ ನನಗೆ ಇರಲಿಲ್ಲ.

ಜೂನಿನಲ್ಲಿ ಅಕ್ಕನನ್ನು ಹೈಸ್ಕೂಲಿಗೆಂದು ಬಿಜಾಪುರದ ಸೋದರಮಾವನ ಮನೆಯಲ್ಲಿ ಇಡುವುದೆಂದು ಅಪ್ಪ ಗೊತ್ತುಮಾಡಿದರು. ಹೊರಡುವ ದಿನ ಅವಳು ಅವ್ವನ ಸೆರಗು ಬಿಡಲೊಲ್ಲಳು. ನನಗೆ ಅದು ಶುದ್ಧ ನಾಟಕ ಅನಿಸಿತು. ಹೊಸ ಟ್ರಂಕು, ಉಡಲು ಎರಡು ಹೊಸ ಪರಕಾರ, ದೊಡ್ಡ ಊರು. ಅದರ ಮೇಲೆ ಅಳು ಬೇರೆ. ಬಸ್ಸು ಹೊರಟಾಗ ನಾನು ಅವ್ವನ ಕೈ ಹಿಡಿದುಕೊಂಡು ನಿಂತಿದ್ದೆ. ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ನಾನು ಟಾಟಾ ಮಾಡಿದೆ, ಅವಳು ಮಾಡಲಿಲ್ಲ.

ಆಮೇಲಿನ ಎರಡು ತಿಂಗಳು ನನ್ನ ಬಾಲ್ಯದ ಸುಖದ ದಿನಗಳು. ಒಲೆಯಿಂದ ಇಳಿದ ಮೊದಲ ರೊಟ್ಟಿ ನನಗೇ ಬೀಳುತ್ತಿತ್ತು.

ನಾಗರಪಂಚಮಿಯ ಹಿಂದಿನ ದಿನ ಸೋದರಮಾವ ಅವಳನ್ನು ವಾಪಸು ಕರೆತಂದ. ಅವಳು ಬಂದವಳೇ ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಕ್ಕೆ ಆನಿಕೊಂಡು ಕೂತಳು. "ಹದಿನೈದು ದಿನಾತ್ರಿ, ಬಾಯಿ ಬಿಡವಲ್ಲಳು," ಎಂದ ಸೋದರಮಾವ ಅಪ್ಪನಿಗೆ. "ಸಾಲ್ಯಾಗ ಪದ್ಯ ಹೇಳಾಕ ನಿಂದ್ರಿಸಿದ್ರಂತ. ಹುಡುಗ್ಯಾರು ನಕ್ಕರಂತ. ಅವತ್ತಿಂದ ಹಿಂಗ ರೀ."

ಆ ಕ್ಷಣ ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಇನ್ನು ಪದ್ಯದ ಕಾಟ ತಪ್ಪಿತು ಅನಿಸಿತು. ಹೊತ್ತು ಕಳೆದ ಮೇಲೆ, ಬಾಯಿ ಬಿದ್ದು ಹೋಗಲಿ ಎಂದದ್ದು ನೆನಪಾಯಿತು. ಪಂಚಮಿಗೆ ಮಾಡಿದ್ದ ಶೇಂಗಾ ಉಂಡಿಯನ್ನು ಅವತ್ತು ತಿನ್ನದೆ ಡಬ್ಬಿಗೆ ವಾಪಸು ಹಾಕಿದೆ.

ಹೆದರಿಕೆ ಬಂದ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಗುತ್ತದೆ ಎಂದು ತಿಳಿಯಬೇಡಿ. ಎರಡೂ ಒಂದೇ ಹೊಟ್ಟೆಯಲ್ಲಿ ಆರಾಮಾಗಿ ಇರುತ್ತವೆ. ಅಕ್ಕನಿಗೆ ದಿನವೂ ತುಪ್ಪ ಹಾಕಿದ ಸಿಹಿ ಸಜ್ಜಕ. ಅವಳು ಎರಡು ತುತ್ತು ತಿಂದು ಬಿಟ್ಟರೆ ಉಳಿದದ್ದು ಅವಳಿಗೇ ಎಂದು ನೆಲುವಿನ ಮೇಲೆ. ನನಗೆ ಪುಂಡಿಪಲ್ಯ. ಅವಳಿಗೆ ಸಾಲಿ ಇಲ್ಲ, ಬಾವಿಯ ನೀರಿನ ಕೆಲಸ ಇಲ್ಲ. ಅವಳ ಪಾಲಿನ ಕೊಡವೂ ನನ್ನ ಟೊಂಕಕ್ಕೆ ಬಂತು. ಯಾವತ್ತೂ ಕೈಬೀಸಿಕೊಂಡು ಮನೆಗೆ ಬರುವ ಅಪ್ಪ ಮೋಸಂಬಿ ತರಲು ಕಲಿತರು. ಬಗಲಮನೆಯ ಚಾಚಿ ದರ್ಗಾದಿಂದ ದಾರ ತಂದು ಅಕ್ಕನ ರಟ್ಟೆಗೆ ಕಟ್ಟಿದಾಗ, ನನಗೂ ಒಂದು ಕಟ್ಟು ಎಂದು ತೋಳು ಚಾಚಿದೆ. "ನಿನಗ್ಯಾಕವಾ, ನೀ ಗಟ್ಟಿ ಅದೀಯಲ್ಲ," ಎಂದು ಚಾಚಿ ನನ್ನ ಕೈ ಸರಿಸಿದಳು.

ಆಯಿ ದಿನಾ ದೀಪ ಹಚ್ಚುವ ಹೊತ್ತಿಗೆ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅಕ್ಕನಿಗೆ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರದಿದ್ದರೆ ಕೆಟ್ಟ ದೃಷ್ಟಿ ತಾಗಿರುವುದು ಖರೆ ಎಂಬ ನಂಬಿಕೆ. ಒಂದು ಸಂಜೆ ಹಿಡಿ ಮೆಣಸಿನಕಾಯಿ ಸುಟ್ಟರೂ ಯಾರಿಗೂ ಕೆಮ್ಮು ಬರಲಿಲ್ಲ. ಆಯಿ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅವ್ವನಿಗೆ ಹೇಳಿದಳು: "ಇದು ಓಣ್ಯಾಗಿನ ಕಣ್ಣಲ್ಲವಾ. ಓಣ್ಯಾಗಿನ ಕಣ್ಣಾಗಿದ್ರ ಇಷ್ಟೊತ್ತಿಗೆ ಇಳೀತಿತ್ತು. ಇದು ಮನ್ಯಾಗಿನ ಕಣ್ಣು."

ಅವಳ ಮನಸ್ಸಿನಲ್ಲಿ ಇದ್ದದ್ದು ಬಿಜಾಪುರದ ಸೋದರಮಾವನ ಹೆಂಡತಿ ಎಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅವತ್ತು ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ ನನಗೆ, ಆ ಕಣ್ಣು ಯಾರದು ಎಂಬ ಬಗ್ಗೆ ಏನೂ ಸಂಶಯ ಉಳಿಯಲಿಲ್ಲ.

ಮರುದಿನದಿಂದ ನಾನು ಅಕ್ಕನನ್ನು ನೋಡುವುದು ಬಿಟ್ಟೆ. ಇದು ನಾನು ಅವಳಿಗಾಗಿ ಮಾಡಿದ ಒಂದೇ ಉಪಕಾರ, ಅದೂ ತಪ್ಪಾಯಿತು. ಅವಳಿದ್ದ ಕಡೆ ನೆಲ ನೋಡುತ್ತ ಓಡಾಡುತ್ತಿದ್ದೆ. ನೀರು ಕೊಡುವುದಿದ್ದರೆ ಚರಿಗೆಯನ್ನು ದೂರದಲ್ಲಿಟ್ಟು ಮುಖ ತಿರುಗಿಸುತ್ತಿದ್ದೆ. ಸಜ್ಜಕದ ತುಪ್ಪದ ವಾಸನೆಗೆ ಮಾತ್ರ ತಲೆ ತಗ್ಗಿಸಿಕೊಂಡೇ ಉರಿಯುತ್ತಿದ್ದೆ. ಸಣ್ಣಂದಿನಿಂದ ನನ್ನ ಹೆರಳು ಹಾಕುತ್ತಿದ್ದವಳು ಅಕ್ಕ. ಮಾತು ನಿಂತ ಮೇಲೂ ಅವಳು ಸಂಜೆ ಹಣಿಗೆ ಹಿಡಿದು ನನ್ನ ಹತ್ತಿರ ಬರುತ್ತಿದ್ದಳು. ನಾನು ಎದ್ದು ಹಿತ್ತಿಲಿಗೆ ಓಡುತ್ತಿದ್ದೆ. ಕೆಲವು ದಿನ ಹೀಗಾದ ಮೇಲೆ ಅವಳು ಬರುವುದನ್ನು ಬಿಟ್ಟಳು. ಆಮೇಲೆ ಉಣ್ಣುವುದನ್ನೂ ಬಿಡುತ್ತ ಬಂದಳು. ದಸರೆಯ ಹೊತ್ತಿಗೆ ಅವಳ ಬಳೆಗಳು ಮೊಳಕೈಯವರೆಗೆ ಸರಿಯುತ್ತಿದ್ದವು ಎಂದು ಅವ್ವ ಚಾಚಿಯ ಮುಂದೆ ಅತ್ತಳು. ನನಗೆ ಕೇಳಿ ಗೊತ್ತು, ನೋಡಿ ಅಲ್ಲ.

ಧಾರವಾಡದಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ ಎಂದು ಅಪ್ಪನಿಗೆ ಯಾರೋ ಹೇಳಿದರು. "ಹುಚ್ಚರ ಡಾಕ್ಟರ ಕಡೆ ಒಯ್ದರ ನಾಳಿ ಈ ಹುಡುಗಿನ್ನ ಯಾರು ಮಾಡ್ಕೋತಾರ?" ಎಂದು ಆಯಿ ಅಡ್ಡ ನಿಂತಳು. ಅಪ್ಪ ಕಚೇರಿಯಲ್ಲಿ ನೆಂಟರ ಮದುವೆ ಎಂದು ರಜೆ ಹಾಕಿ, ಅವ್ವನನ್ನೂ ಅಕ್ಕನನ್ನೂ ಕರೆದುಕೊಂಡು ಹೋದರು. ಬಿಜಾಪುರದವರೆಗೆ ಬಸ್ಸು, ಮುಂದೆ ರೈಲು. ನಾನು ಆವರೆಗೆ ರೈಲು ಕಂಡಿರಲಿಲ್ಲ. ಮಾತಾಡದೆ ಕೂತವಳಿಗೆ ರೈಲು, ದಿನಾ ನೀರು ಹೊರುವವಳಿಗೆ ಆಯಿ. ನಾಲ್ಕನೆಯ ದಿನ ಬಂದಾಗ ಅಪ್ಪನ ಕೈಯಲ್ಲಿ ಅಕ್ಕನ ಹೆಸರು ಬರೆದ ಕೇಸುಪೇಪರು ಇತ್ತು. ಅದರ ಮೇಲೂ ನನಗೆ ಆಸೆಯಾಯಿತು. ಡಾಕ್ಟರು ಗುಳಿಗೆ ಹೆಚ್ಚು ಕೊಟ್ಟಿರಲಿಲ್ಲ. ಮುಂದಿನ ಸಲ ಮನೆಯಲ್ಲಿ ಉಣ್ಣುವವರೆಲ್ಲ ಬರಬೇಕು ಎಂದು ಹೇಳಿ ಕಳಿಸಿದ್ದರು.

ಹಾಗೆ ನಾನೂ ರೈಲು ಹತ್ತಿದೆ. ದಾರಿಯುದ್ದಕ್ಕೂ ಖುಷಿಪಡಲು ಆಗಲಿಲ್ಲ. ಮನಸ್ಸಿನ ಡಾಕ್ಟರು ಅಂದರೆ ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಅವರಿಗೆ ಗೊತ್ತಾಗುತ್ತದೆ ಎಂದು ನಾನು ತಿಳಿದಿದ್ದೆ.

ಡಾಕ್ಟರು ವಯಸ್ಸಾದವರು, ಕರಿ ಟೊಪ್ಪಿಗೆ ಹಾಕಿದ್ದರು. ಐದೂ ಜನರನ್ನು ಒಂದೇ ಕೋಣೆಯಲ್ಲಿ ಸುತ್ತ ಕೂಡಿಸಿ, ಅಕ್ಕನ ಕೈಗೆ ಪಾಟಿ, ಬಳಪ ಕೊಟ್ಟರು. "ಮಾತಾಡೂದು ಬ್ಯಾಡ. ಮನ್ಯಾಗ ನಿನಗ ಭಾಳ ತ್ರಾಸ ಆಗೂದು ಯಾವುದು, ಅಷ್ಟ ಬರಿ," ಎಂದರು. ಹೋದ ಸಲವೂ ಇದನ್ನೇ ಕೇಳಿದ್ದರಂತೆ, ಅವಳು ಬರೆದಿರಲಿಲ್ಲ. ಈ ಸಲ ಬಳಪದ ಸದ್ದು ಕೇಳಿತು. ನಾನು ನೆಲದ ಫರಸಿ ನೋಡುತ್ತ ಕೂತಿದ್ದೆ. ಡಾಕ್ಟರು ಪಾಟಿ ತೆಗೆದುಕೊಂಡು ಓದಿದರು: "ತಂಗಿ ನನ್ನನ್ನು ನೋಡುವುದಿಲ್ಲ."

ಕೋಣೆಯಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ನಾನು ಬಯಸಿದ್ದು ಅದನ್ನೇ. ಆದರೆ ಆಗ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

"ಯಾಕವಾ ತಂಗಿ, ಅಕ್ಕನ್ನ ಯಾಕ ನೋಡವಲ್ಲಿ?" ಎಂದು ಡಾಕ್ಟರು ಕೇಳಿದರು.

"ನನ್ನ ಕಣ್ಣು ಕೆಟ್ಟದ್ದೈತ್ರಿ," ಎಂದೆ. ರಿಬ್ಬನ್ನಿನಿಂದ ಹಿಡಿದು ಬಾಯಿ ಬಿದ್ದು ಹೋಗಲಿ ಎಂದದ್ದು, ಆಯಿ ಒಲೆಯ ಮುಂದೆ ಆಡಿದ ಮಾತು, ಎಲ್ಲ ಹೇಳಿಬಿಟ್ಟೆ. ಸಜ್ಜಕದ ವಿಷಯವನ್ನೂ ಬಿಡಲಿಲ್ಲ. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ನಗಲಿಲ್ಲ.

"ಹೊಟ್ಟಿಕಿಚ್ಚು ಎಲ್ಲಾರಿಗೂ ಬರ್ತೈತಿ," ಎಂದರು. "ಅದರಿಂದ ಯಾರ ಮಾತೂ ನಿಂದ್ರೂದಿಲ್ಲ. ಅಕಿಗೆ ಅಂಜಿಕಿಯಿಂದ ಮಾತು ನಿಂತೈತಿ. ನೀನೂ ಅಂಜೀದಿ." ಮೇಜಿನ ಖಾನೆಯಿಂದ ಒಂದು ಹೊಸ ಕೇಸುಪೇಪರು ತೆಗೆದು ನನ್ನ ಹೆಸರು ಕೇಳಿ ಬರೆದರು. ಕೆಳಗೆ ಔಷಧದ ಜಾಗದಲ್ಲಿ ಬರೆಯುತ್ತ ಓದಿ ಹೇಳಿದರು: "ದಿನಾ ಸಂಜಿಗೆ ಅಕ್ಕ ನಿನ್ನ ಹೆರಳು ಹಾಕಬೇಕು. ನೀ ಕನ್ನಡಿ ಹಿಡಕೊಂಡು ಅಕಿ ಮುಖ ನೋಡಬೇಕು. ಹೊಟ್ಟಿಕಿಚ್ಚು ಬಂದ್ರ ಯಾತಕ್ಕ ಬಂತು ಅಂತ ಅಕಿಗೇ ಹೇಳಬೇಕು, ನುಂಗಬಾರದು." ಅಪ್ಪ ಅವ್ವನಿಗೆ, ಪದ್ಯ ಹೇಳು, ಮಾತಾಡು ಎಂದು ಯಾರೂ ಕಾಡಬೇಡಿ ಎಂದರು. ಕೊನೆಗೆ ಆಯಿಗೆ, "ಮೆಣಸಿನಕಾಯಿ ನಿವಾಳಿಸೂದಿದ್ರ ಇಬ್ಬರಿಗೂ ನಿವಾಳಸ್ರಿ," ಎಂದರು.

ಊರಿಗೆ ಬಂದ ದಿನವೇ ಔಷಧ ಶುರುವಾಯಿತು. ಅಂಗೈಯಗಲದ ಕನ್ನಡಿಯಲ್ಲಿ ಎಷ್ಟೋ ದಿನದ ಮೇಲೆ ಅಕ್ಕನ ಮುಖ ನೋಡಿದೆ. ಕೆನ್ನೆಯೇ ಇರಲಿಲ್ಲ. ಹೇಳಬೇಕೆಂದು ಡಾಕ್ಟರೇ ಹೇಳಿದ ಮೇಲೆ ನಾನೇನು ಬಿಡುವವಳೇ. ದಿನಕ್ಕೊಂದು ಹೇಳಿದೆ. ನಿನಗೆ ಸಜ್ಜಕ ಕೊಟ್ಟರು. ನಿನಗೆ ಮೋಸಂಬಿ ತಂದರು. ನೀನು ನನಗಿಂತ ಮೊದಲು ರೈಲು ನೋಡಿದೆ. ಅವಳು ಕೇಳುತ್ತ ಹೆರಳು ಹಾಕುತ್ತಿದ್ದಳು. ಎಂಟನೆಯ ದಿನವೋ ಏನೋ, ಅವಳು ನೆಲುವಿನ ಮೇಲಿನ ಸಜ್ಜಕ ಇಳಿಸಿ ನನ್ನ ತಾಟಿಗೆ ಅರ್ಧ ಹಾಕಿ, ಉಳಿದರ್ಧ ತಾನು ತಿಂದಳು. ಅವ್ವ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಮಾತು ಮಾತ್ರ ಬರಲಿಲ್ಲ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ನನ್ನ ದೂರುಗಳು ತೀರಿಹೋಗಿ, ಹಳೆಯವನ್ನೇ ಮತ್ತೆ ಹೇಳುತ್ತಿದ್ದೆ. ಒಂದು ಸಂಜೆ ಏನೂ ತೋಚದೆ, "ನಿನ್ನ ಬಿಜಾಪುರಕ್ಕ ಕಳಿಸಿದ್ರು. ಟ್ರಂಕು ಕೊಡಿಸಿದ್ರು. ನನ್ನ ಯಾರೂ ಎಲ್ಲೂ ಕಳಸಲಿಲ್ಲ," ಎಂದೆ.

ಕನ್ನಡಿಯಲ್ಲಿ ಅಕ್ಕನ ಕೈ ನಿಂತಿತು.

"ನೀ ಅವ್ವನ ಹಂತ್ಯಾಕ ಉಳದಿ," ಎಂದಳು. ಬಹಳ ದಿನ ಎಣ್ಣೆ ಕಾಣದ ಗಾಲಿಯಂಥ ದನಿ. "ಬಸ್ಸಿನ್ಯಾಗಿಂದ ನೋಡಿದೆ. ಅವ್ವನ ಕೈ ಹಿಡಕೊಂಡು ನಿಂತಿದ್ದಿ."

ಅಷ್ಟು ತಿಂಗಳು ನಾನು ಎಣಿಸಿದ ಸಜ್ಜಕ, ಮೋಸಂಬಿ, ರೈಲು ಎಲ್ಲವನ್ನೂ ಕೊಟ್ಟು ಆ ಒಂದು ಕೈಯನ್ನು ಅವಳು ತೆಗೆದುಕೊಳ್ಳುತ್ತಿದ್ದಳು ಎಂದು ಆಗ ಗೊತ್ತಾಯಿತು. ಅವ್ವ ಅಲ್ಲೇ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕೂಗಿದ್ದರೆ ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದಳು. ಹಿಂದೆಯೇ ಆಯಿ, ಚಾಚಿ, ಆಮೇಲೆ ಓಣಿಗೆ ಓಣಿಯೇ ಬಂದು ಅಕ್ಕನನ್ನು ಮುತ್ತಿಕೊಳ್ಳುತ್ತಿತ್ತು.

ನಾನು ಕೂಗಲಿಲ್ಲ. ಐದಾರು ತಿಂಗಳಿಗೆ ಬಂದ ಅವಳ ಮೊದಲ ಮಾತು, ರೊಟ್ಟಿ ಮುಗಿಯುವವರೆಗಾದರೂ ನನ್ನೊಬ್ಬಳದೇ ಆಗಿರಲಿ ಅನಿಸಿತು. ಕನ್ನಡಿಯನ್ನು ಸ್ವಲ್ಪ ಎತ್ತಿ ಹಿಡಿದು, "ಹೆರಳು ಮುಗಸು," ಎಂದೆ.