ಮಾಸಿಕ ಮುಗಿಸಿ ಲಕ್ಕವಳ್ಳಿಗೆ

ಹೌದು, ಹೋದೆ. ಯಜಮಾನರು ತೀರಿಕೊಂಡು ವರ್ಷ ತುಂಬುವ ಮೊದಲೇ, ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು, ಶನಿವಾರ ಭಾನುವಾರ ಎರಡು ದಿನ ತಿರುಗಾಡಿಕೊಂಡು ಬಂದೆ. ನಮ್ಮಲ್ಲಿ ಆ ಒಂದು ವರ್ಷ ಹಬ್ಬವಿಲ್ಲ, ಮದುವೆ ಮನೆಗೆ ಹೋಗುವಂತಿಲ್ಲ, ಪ್ರವಾಸದ ಮಾತಂತೂ ಎತ್ತುವಂತೆಯೇ ಇಲ್ಲ. ಪಾಪ, ಅವಳಿಗೆ ಇದೆಲ್ಲ ತಿಳಿಯಲಿಲ್ಲ ಎಂದು ಕೆಲವು ನೆಂಟರು ನನ್ನ ಪರ ವಹಿಸಿ ಮಾತಾಡಿದರಂತೆ. ಅವರ ಉಪಕಾರ ನನಗೆ ಬೇಡ. ಎಲ್ಲ ತಿಳಿದೇ ಹೋದೆ.

ಮಗನಿಗೆ ಎಂಟನೇ ವಯಸ್ಸಿಗೇ ಉಪನಯನವಾಗಿತ್ತು. ಹಾಗಾಗಿ ತಿಂಗಳು ತಿಂಗಳು ಬರುವ ಅಪ್ಪನ ಮಾಸಿಕವನ್ನು ಅವನೇ ಮಾಡಬೇಕು. ಜಾರುವ ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಎಳ್ಳುನೀರು ಬಿಡುತ್ತಿದ್ದ, ಪಿಂಡ ಇಡುತ್ತಿದ್ದ, ಆಮೇಲೆ ಹಿತ್ತಿಲಿಗೆ ಹೋಗಿ ಕಾಗೆ ಬರುವ ತನಕ ಬಿಸಿಲಲ್ಲಿ ನಿಲ್ಲುತ್ತಿದ್ದ. ಆರು ಮಾಸಿಕ ಮುಗಿಯುವ ಹೊತ್ತಿಗೆ ಹುಡುಗ ಕ್ರಿಕೆಟ್ ಬಿಟ್ಟ. ಸ್ನೇಹಿತರು ಗೇಟಿನ ಹತ್ತಿರ ಬಂದು ಕರೆದರೆ ತಲೆನೋವು ಎನ್ನುತ್ತಿದ್ದ. ಒಂದು ದಿನ ಬಿಡದೆ ಕೇಳಿದಾಗ ಬಾಯಿಬಿಟ್ಟ.

"ದೊಡ್ಡಪ್ಪ ಹೇಳಿದಾರೆ. ನಾನು ನೇಮ ತಪ್ಪಿದ್ರೆ ಅಲ್ಲಿ ಅಪ್ಪ ಉಪವಾಸ ಇರ್ತಾರಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಪ್ಪ ಎಂದರೆ ಗಂಡನ ಅಣ್ಣ, ನನ್ನ ಭಾವ. ಕುಂಸಿಯಲ್ಲಿದ್ದಾರೆ, ಕೆಟ್ಟವರಲ್ಲ, ಆಸ್ಪತ್ರೆಯ ದಿನಗಳಲ್ಲಿ ನಮ್ಮ ಜೊತೆ ನಿಂತವರು. ಆದರೆ ಇಷ್ಟು ದೊಡ್ಡ ಮನುಷ್ಯ ಇಷ್ಟು ಚಿಕ್ಕ ಹುಡುಗನ ಹೆಗಲಿಗೆ ಸತ್ತವರ ಹಸಿವನ್ನು ಹೊರಿಸಿದರೆ ಅದಕ್ಕೆ ಏನನ್ನಬೇಕು? ವರ್ಷ ತುಂಬಲಿ ಎಂದು ಕಾದು ಕೂತರೆ ನನಗೆ ಮಗ ಉಳಿಯುವುದಿಲ್ಲ, ಒಬ್ಬ ಪುಟ್ಟ ಮುದುಕ ಉಳಿಯುತ್ತಾನೆ ಎನ್ನಿಸಿತು. ಎರಡು ದಿನವಾದರೂ ಇವನನ್ನು ಈ ಮನೆಯಿಂದ ಹೊರಗೆ ಕರೆದೊಯ್ಯಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಶಿವಮೊಗ್ಗದಿಂದ ದಿನಾ ಬಸ್ಸಿನಲ್ಲಿ ಓಡಾಟ. ಸ್ಟಾಫ್ ರೂಮಿನಲ್ಲಿ ಕೂತು, ನೋಟ್ಸ್ ತಿದ್ದುವ ನೆಪದಲ್ಲಿ ಪ್ಲಾನ್ ಹಾಕಿದೆ. ಜೋಗ ಬೇಡ, ಅಲ್ಲಿ ಯಾರಾದರೊಬ್ಬ ನೆಂಟ ಸಿಕ್ಕೇ ಸಿಗುತ್ತಾನೆ. ಸೋಗಾನೆಗೆ ಹೋಗಿ ವಿಮಾನ ಇಳಿಯುವುದನ್ನು ನೋಡಬಹುದು, ಆದರೆ ಅದು ಅರ್ಧ ಗಂಟೆಯ ಕೆಲಸ. ಕೊನೆಗೆ ಲಕ್ಕವಳ್ಳಿ ಎಂದಾಯಿತು. ಭದ್ರಾ ಡ್ಯಾಮಿನ ಹತ್ತಿರ ಒಂದು ಹೋಂಸ್ಟೇ, ಮನೆಯವರದೇ ಅಡುಗೆ, ಭದ್ರಾವತಿಯಲ್ಲಿ ಬಸ್ಸು ಬದಲಿಸಿದರೆ ಆಯಿತು. ಕಳೆದ ತಿಂಗಳ ತಾರೀಖು ನೋಡಿ, ಈ ಸಲದ ಮಾಸಿಕ ಸೋಮವಾರ ಎಂದು ಲೆಕ್ಕ ಹಾಕಿ, ಅದರ ಹಿಂದಿನ ಶನಿವಾರಕ್ಕೆ ರೂಮು ಹೇಳಿದೆ.

ಗಣಿತದ ಟೀಚರ ಲೆಕ್ಕವೇ ತಪ್ಪಿತು. ಮಾಸಿಕ ಬರುವುದು ತಿಥಿಯ ಮೇಲೆ, ತಾರೀಖಿನ ಮೇಲಲ್ಲ. ತಿಂಗಳಿಗೆ ಒಂದೆರಡು ದಿನ ಅದು ಹಿಂದೆ ಸರಿಯುತ್ತಲೇ ಇರುತ್ತದೆ. ಆರು ತಿಂಗಳಿಂದ ಕಣ್ಣಾರೆ ಕಂಡಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಗುರುವಾರ ಸಂಜೆ ಪುರೋಹಿತರ ಫೋನು ಬಂತು.

"ಶನಿವಾರ ಪಂಚಮಿ ಅಮ್ಮ. ಹನ್ನೊಂದಕ್ಕೆ ಬರ್ತೀನಿ, ಮಡಿ ನೀರು ರೆಡಿ ಇರಲಿ."

ಮುಂದಕ್ಕೆ ಹಾಕಿದರೆ ಮತ್ತೆ ಹೊರಡುವುದಿಲ್ಲ ಎಂದು ಗೊತ್ತಿತ್ತು, ಇನ್ನು ಮುಚ್ಚಿಟ್ಟೂ ಪ್ರಯೋಜನವಿರಲಿಲ್ಲ. ನಮ್ಮ ಜೊತೆಗೇ ಇರುವ ಅತ್ತೆಗೆ ಹೇಳಿದೆ. ಹೂಬತ್ತಿ ಹೊಸೆಯುತ್ತಿದ್ದ ಅವರ ಕೈ ನಿಂತಿತು.

"ಬೇಡ ಮಾರಾಯ್ತಿ. ಇನ್ನು ಐದು ತಿಂಗಳು ತಾನೇ," ಎಂದಷ್ಟೇ ಹೇಳಿ ಎದ್ದುಹೋದರು.

ಭಾವನಿಗೆ ಸುದ್ದಿ ಮುಟ್ಟಲು ಹತ್ತು ನಿಮಿಷ ಹಿಡಿಯಲಿಲ್ಲ. "ಶ್ರಾದ್ಧ ಮಾಡಿದ ದಿನ ಕರ್ತೃ ಊರು ಬಿಡೋ ಹಾಗಿಲ್ಲ, ರಾತ್ರಿ ಊಟ ಮಾಡೋ ಹಾಗಿಲ್ಲ, ಬೇರೆಯವರ ಮನೆ ಅನ್ನ ಮುಟ್ಟೋ ಹಾಗಿಲ್ಲ. ಮೂರಕ್ಕೆ ಮೂರೂ ತಪ್ಪಿಸ್ತೀಯೇನಮ್ಮ?" ಎಂದು ಫೋನಿನಲ್ಲಿ ಕೇಳಿದರು.

"ಮೂರೂ ತಪ್ಪಿಸ್ತೀನಿ ಭಾವ. ಒಂದು ತಪ್ಪಿಸಿದ್ರೂ ಬೈತೀರಿ, ಮೂರು ತಪ್ಪಿಸಿದ್ರೂ ಅಷ್ಟೇ ಬೈತೀರಿ," ಎಂದೆ.

ಅವರನ್ನು ಎದುರಿಸುವುದು ಸುಲಭವಿತ್ತು. ಕಷ್ಟವಾದದ್ದು ಮಗನನ್ನು. "ನಾನು ಬರಲ್ಲ," ಎಂದು ಮೂಲೆ ಹಿಡಿದು ಕೂತ.

"ಮಾಸಿಕ ಬಿಡೋಣ ಅಂತ ನಾನು ಹೇಳಿಲ್ವಲ್ಲ. ಅಪ್ಪನಿಗೆ ಹೊಟ್ಟೆ ತುಂಬ ಬಡಿಸೋಣ. ಆಮೇಲೆ ನಾವು ಹೋಗೋಣ."

ಅವನು ಮೂಲೆಯಿಂದ ಎದ್ದು ಹೋಗಿ ಮಾಸಿಕಕ್ಕೆ ಪಂಚೆ ತೆಗೆದಿಟ್ಟ.

ಶನಿವಾರ ಎಲ್ಲ ಕ್ರಮವಾಗಿಯೇ ನಡೆಯಿತು. ಪುರೋಹಿತರು ದಕ್ಷಿಣೆ ತೆಗೆದುಕೊಂಡು ಹೊರಡುವಾಗ ಮಗನ ಎದುರಿಗೇ ಕೇಳಿದೆ, ಇವತ್ತು ಇವನು ಪ್ರಯಾಣ ಮಾಡಬಹುದೇ ಎಂದು.

"ಕೇಳಿದ್ರೆ ನಾನು ಬೇಡ ಅಂತಾನೇ ಹೇಳ್ಬೇಕಾಗತ್ತಮ್ಮ. ಅದಕ್ಕೇ ಕೇಳ್ಬೇಡಿ," ಎಂದು ಅವನ ತಲೆ ಸವರಿ ಸ್ಕೂಟರ್ ಹತ್ತಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು.

ಬ್ಯಾಗು ಹಿಡಿದು ಗೇಟು ದಾಟುವಾಗ ಪಕ್ಕದ ಮನೆಯಾಕೆ ಎಲ್ಲಿಗೆ ಎಂದರು. "ತಿರುಗಾಡೋಕೆ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ. ಊರ ಬಾಯಿ ಮುಚ್ಚಿಸಲು ಆಗುವುದಿಲ್ಲ, ಆದ್ದರಿಂದ ಬೇಕಾದಷ್ಟು ಮೇವು ಹಾಕುವುದೇ ವಾಸಿ.

ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ಕೊಡಿಸಿದರೆ ಮಗ ಬೇಡ ಎಂದ. ಅವನಿಗೆ ಪ್ರಾಣ ಅದು. ಪೊಟ್ಟಣ ಹಿಡಿದುಕೊಂಡು ನಾನೊಬ್ಬಳೇ ತಿಂದೆ, ರುಚಿ ಹತ್ತಲಿಲ್ಲ. ಡ್ಯಾಮಿನ ಹತ್ತಿರ ಅಷ್ಟಗಲ ನೀರು ಕಂಡಾಗ ಸ್ವಲ್ಪ ಮಾತು ಬಂತು, ಇದರಲ್ಲಿ ಮೊಸಳೆ ಇದೆಯಾ ಎಂದ. ಆದರೆ ಸಂಜೆ ಹೋಂಸ್ಟೇಯಾಕೆ ಊಟಕ್ಕೆ ಕರೆದು ಬಿಸಿ ಅಕ್ಕಿರೊಟ್ಟಿ ಬಡಿಸಿದಾಗ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ತಟ್ಟೆ ನೋಡುತ್ತ ಕೂತ. ಹೊಟ್ಟೆ ಗುರುಗುಟ್ಟುವುದು ನನಗೆ ಕೇಳಿಸುತ್ತಿತ್ತು.

"ನೋಡು," ಎಂದೆ. "ನಿಮ್ಮಪ್ಪ ಒಂದು ದಿನಾನಾದ್ರೂ ನಿನ್ನನ್ನ ಉಪವಾಸ ಕೂರಿಸಿ ತಾನು ಉಂಡಿದಾರಾ?"

ಇಲ್ಲವೆಂದು ತಲೆಯಾಡಿಸಿದ.

"ಮತ್ತೆ ಈಗ ಯಾಕೆ ಹಾಗೆ ಮಾಡ್ತಾರೆ? ನಿನ್ನನ್ನ ಕರ್ಕೊಂಡು ಬಂದಿದ್ದು ನಾನು. ನೇಮ ತಪ್ಪಿಸಿದ್ದು ನಾನು. ಪಾಪ ಅಂತ ಏನಾದ್ರೂ ಬಂದ್ರೆ ನನಗೆ ಬರಲಿ. ನೀನು ತಿನ್ನು."

ಒಂದು ಕೈ ಹೊರಗೆ ತೆಗೆದು ಒಂದು ಚೂರು ಮುರಿದ. ಅದನ್ನು ನುಂಗಿ, ಏನಾದರೂ ಆಗುತ್ತದೆಯೇ ಎಂದು ನೋಡುವವನಂತೆ ಕಾದ. ಏನೂ ಆಗಲಿಲ್ಲ. ಎರಡನೆಯ ರೊಟ್ಟಿಗೆ ಅವನೇ ಕೈ ಚಾಚಿದ, ಮೂರನೆಯದಕ್ಕೆ ಚಟ್ನಿ ಕೇಳಿದ. ನಾನು ಅಳಬಾರದೆಂದು ನೀರು ಕುಡಿಯುತ್ತ ಕೂತೆ.

ನಾಲ್ಕನೆಯದು ಮುಗಿಯುವಾಗ ಅತ್ತೆಯ ಫೋನು ಬಂತು.

"ಮಗು ಊಟ ಮಾಡ್ತಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮಾಡಿದ ಅತ್ತೆ. ನಾಲ್ಕು ಅಕ್ಕಿರೊಟ್ಟಿ," ಎಂದು ಜಗಳಕ್ಕೆ ತಯಾರಾಗಿ ನಿಂತೆ.

ತಾನು ಹೆತ್ತ ಮಗನಿಗೆ ಮೊಮ್ಮಗ ಪಿಂಡ ಇಡುವುದನ್ನು ಅಂದು ಮಧ್ಯಾಹ್ನವಷ್ಟೇ ಕೂತು ನೋಡಿದವರು ಅವರು.

"ತುಪ್ಪ ಹಾಕಿದ್ರಾ?" ಎಂದರು.