ದೊಡ್ಡ ತುಂಡು ಮೊದಲು

ಲ್ಯಾಪ್‌ಟಾಪ್ ಚೀಲದ ತಳದಲ್ಲಿ ಮೊನ್ನೆ ನೀಲಿ ಚಾಕಿನ ಚೂರೊಂದು ಸಿಕ್ಕಿತು. ಟೈಲರ್‌ಗಳು ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಚಾಕ್. ಮೂಸಿದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಇನ್ನೂ ಇದೆ ಅನ್ನಿಸಿತು... ಭ್ರಮೆಯೂ ಇರಬಹುದು.

ತರೀಕೆರೆಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯ ಕೆಳಗೇ ಟೈಲರ್ ಅಕ್ಕನ ಅಂಗಡಿ. ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದರು. ನಾನಾಗ ಒಂದು ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಸಂಜೆ ಹೋಗಿ ಸ್ಟೂಲಿನ ಮೇಲೆ ಕೂತರೆ ಸಾಕು, ಅವರ ಪ್ರಶ್ನೆಗಳು ಶುರು. ಸರ್ವರ್ ಎಷ್ಟು ದೊಡ್ಡದು, ಬಿಸಿಯಾಗುತ್ತದಾ, ಅದಕ್ಕೂ ಭಾನುವಾರ ರಜೆಯಾ...

ಆ ತಿಂಗಳು ನನ್ನ ಕೆಲಸಕ್ಕೇ ಕುತ್ತು ಬಂದಿತ್ತು. ಲಿನಕ್ಸ್ ಸರ್ವರಿನಲ್ಲಿದ್ದ ಡೇಟಾಬೇಸ್ ಮಧ್ಯಾಹ್ನವಾದರೆ ತೆವಳುತ್ತಿತ್ತು. ರಕ್ತಪರೀಕ್ಷೆಯ ವರದಿ ತೆರೆಯದೆ, ಕಿಟಕಿಯ ಮುಂದೆ ಜನ ಬೈಯುತ್ತಾ ನಿಲ್ಲುತ್ತಿದ್ದರು. ಮೆಮೊರಿ ಅರ್ಧದಷ್ಟು ಖಾಲಿ ಎಂದೇ ಪರದೆ ತೋರಿಸುತ್ತಿತ್ತು. ಡೇಟಾಬೇಸ್ ದೊಡ್ಡ ಜಾಗ ಕೇಳಿದಾಗ ಮಾತ್ರ ಸಿಗುತ್ತಿರಲಿಲ್ಲ. ರೀಸ್ಟಾರ್ಟ್ ಮಾಡಿದರೆ ಸರಿ, ಮರುದಿನ ಅದೇ ರಾಮಾಯಣ. ಸೋಮವಾರದೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಇಷ್ಟನ್ನೂ ಕೇಳಿದ ಅಕ್ಕ ಕತ್ತರಿ ಕೆಳಗಿಟ್ಟು, "ಖಾಲಿ ಇರೋದೆಲ್ಲ ಒಂದೇ ಕಡೆ ಐತೇನೇ?" ಅಂದರು.

ನನಗೆ ಗೊತ್ತಿರಲಿಲ್ಲ. ಅವರು ಮೂಲೆಯ ಚೀಲ ಎಳೆದು ನೆಲಕ್ಕೆ ಸುರಿದರು. ಬರೀ ಯೂನಿಫಾರಂ ಬಟ್ಟೆಯ ಚೂರುಗಳು. "ತೂಕಕ್ಕೆ ಹಾಕಿದ್ರೆ ನಾಕು ಲಂಗದ ಬಟ್ಟೆ ಐತೆ. ಹೊಲಿಯಾಕೆ ಕೂತ್ರೆ ಒಂದೂ ಆಗಲ್ಲ. ಅದಕ್ಕೇ ದೊಡ್ಡ ತುಂಡು ಮೊದಲು ಕತ್ತರಿಸಿ ಎತ್ತಿಟ್ಬಿಡ್ಬೇಕು ಕಣೇ. ಕಾಲರು, ಜೇಬು ಎಲ್ಲಾ ಆಮೇಲೆ."

ಜೂನ್‌ನಲ್ಲಿ ಬಟ್ಟೆಯ ಥಾನು ಬಿಚ್ಚಿದ ದಿನವೇ, ತಡವಾಗಿ ಶಾಲೆಗೆ ಸೇರುವ ಎತ್ತರದ ಹುಡುಗಿಯರಿಗೆಂದು ಕೆಲವು ಇಡೀ ತುಂಡುಗಳನ್ನು ಅವರು ತೆಗೆದಿಡುತ್ತಿದ್ದರು. ಯಾರು ಕೇಳಿದರೂ ಅದನ್ನು ಮುಟ್ಟುತ್ತಿರಲಿಲ್ಲ. ಜಿಪುಣಿ ಅಂತ ಹೆಸರೂ ಬಂದಿತ್ತು. ನಾನು ದಿನಾ ರೀಸ್ಟಾರ್ಟ್ ಮಾಡುತ್ತೇನೆ ಎಂದಾಗ ನಕ್ಕುಬಿಟ್ಟರು. "ದಿನಾ ಹೊಸಾ ಥಾನು ಬಿಚ್ಚಿ, ದಿನಾ ಹಾಳ್ಮಾಡ್ತಿದೀಯ ಅನ್ನು." ಮರೆಯದಿರಲಿ ಅಂತ ಚಾಕ್ ನನ್ನ ಕೈಗಿಟ್ಟರು.

ಮರುದಿನ ಸರ್ವರ್ ತೆವಳುವ ಹೊತ್ತಿಗೇ ಖಾಲಿ ಮೆಮೊರಿಯ ಪಟ್ಟಿ ತೆಗೆದು ನೋಡಿದೆ. ಸಣ್ಣ ತುಂಡುಗಳು ಸಾವಿರಾರು, ದೊಡ್ಡವುಗಳ ಕಡೆ ಬರೀ ಸೊನ್ನೆ. ಚೂರುಗಳನ್ನು ಸರಿಸಿ ಜೋಡಿಸುವುದರಲ್ಲೇ ಸರ್ವರ್ ನಡೆಸುವ ಲಿನಕ್ಸ್ ಸುಸ್ತಾಗುತ್ತಿತ್ತು. ಇನ್ನು ಮುಂದೆ ಸರ್ವರ್ ಶುರುವಾಗುವಾಗಲೇ, ಬೇರೆ ಯಾವುದೂ ಕೈಹಾಕುವ ಮೊದಲು, ಡೇಟಾಬೇಸಿನ ಪಾಲಿನ ದೊಡ್ಡ ಜಾಗ ಎತ್ತಿಡುವಂತೆ ಮಾಡಿದೆ. ಸೋಮವಾರ ಮಧ್ಯಾಹ್ನ ವರದಿಗಳು ಪಟಪಟನೆ ತೆರೆದವು. ಮ್ಯಾನೇಜರ್ ಹೊಗಳಿದಾಗ, ಎಲ್ಲ ನಾನೇ ಕಂಡುಹಿಡಿದವಳ ಹಾಗೆ ತಲೆಯಾಡಿಸಿದೆ.

"ಒಂದ್ಸಲ ತೋರ್ಸೇ ಆ ಮಿಷನ್ನು. ನನ್ನ ಮಾತು ಹೆಂಗೆ ಕೇಳ್ತದೆ ನೋಡ್ತೀನಿ," ಎಂದು ಅಕ್ಕ ಎಷ್ಟು ಸಲ ಕೇಳಿದರೋ. ಆಸ್ಪತ್ರೆ ಹತ್ತು ನಿಮಿಷದ ದಾರಿ. ಮುಂದಿನ ವಾರ, ಮುಂದಿನ ವಾರ ಅಂದೆ... ಅಷ್ಟರಲ್ಲಿ ಕಡೂರಿನಲ್ಲಿ ಬೇರೆ ಕೆಲಸ ಸಿಕ್ಕಿತು. ಅವರು ತೀರಿಕೊಂಡ ಸುದ್ದಿ ಅಜ್ಜಂಪುರದ ಅವರ ತಂಗಿಯಿಂದ ತಿಳಿಯುವಾಗ ತಿಂಗಳಾಗಿತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೊಸ ಸರ್ವರ್ ಸಿದ್ಧಮಾಡುವಾಗಲೆಲ್ಲ, ದೊಡ್ಡ ಜಾಗ ಎತ್ತಿಡಲು ಬರೆಯುವ ಆದೇಶದ ಸಾಲಿನ ಪಕ್ಕ 'ದೊಡ್ಡ ತುಂಡು ಮೊದಲು' ಎಂದು ಬರೆದಿಡುತ್ತೇನೆ. ಮೊನ್ನೆ, ಚಾಕ್ ಸಿಕ್ಕಿದ ದಿನವೇ, ಜೊತೆಗೆ ಕೆಲಸ ಮಾಡುವವಳು ಅದನ್ನು ಓದಿ, "ಇದ್ಯಾರು ಮೇಡಂ ಹೇಳಿದ್ದು?" ಎಂದಳು.

ಟೈಲರ್ ಅಕ್ಕ ಒಬ್ಬರು ಅಂದೆ. ಅವಳು ನಂಬಲಿಲ್ಲ. ಸರ್ವರ್ ಕೋಣೆಗೆ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿದೆ, ಎಷ್ಟು ದೊಡ್ಡದಿದೆ, ಎಲ್ಲಿ ಬಿಸಿಯಾಗುತ್ತದೆ... ಅವಳು ನನ್ನನ್ನು ಇದ್ಯಾವ ಪ್ರಶ್ನೆಯನ್ನೂ ಕೇಳಿರಲೇ ಇಲ್ಲ, ಕೇಳಿದ್ದವರು ಅಕ್ಕ.